ಎಷ್ಟು ಲ್ಯಾಂಗ್ವೇಜ್ ಬರುತ್ತೆ ಅಂತ ಕೇಳುವ ಮೊದಲು

ಹೊರನಾಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಿಗೆ ಊರ ಕಡೆಯ ಹುಡುಗ ಹುಡುಗಿಯರಿಂದ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಅಣ್ಣಾ, ಯಾವ ಲ್ಯಾಂಗ್ವೇಜ್ ಕಲೀಲಿ? ಜಾವಾನೋ ಪೈಥಾನೋ?” ಹೊರಗಿನ ತಂಡಗಳಲ್ಲಿ ಹೊಸಬರನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಮೊದಲ ಪ್ರಶ್ನೆ ಬೇರೆ: “ಏನು ಮಾಡಿದ್ದೀಯ? ಓಡಿಸಿ ತೋರಿಸು.” ಒಬ್ಬರು ಸಲಕರಣೆಯ ಪಟ್ಟಿ ಹಿಡಿದು ಬರುತ್ತಾರೆ, ಇನ್ನೊಬ್ಬರು ಕಟ್ಟಿದ ಗೋಡೆ ನೋಡಬೇಕು ಅನ್ನುತ್ತಾರೆ. ಐದು ಲ್ಯಾಂಗ್ವೇಜ್‌ಗಳ ಹೆಸರು ರೆಸ್ಯೂಮೆಯಲ್ಲಿ ಸಾಲಾಗಿದ್ದೂ ಒಂದು ಗೋಡೆ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಬುದ್ಧಿ ಕಡಿಮೆಯಿದ್ದು ಅಲ್ಲ. ಕೆಲಸ ಏನು ಅನ್ನುವುದರ ಬಗ್ಗೆಯೇ ತಪ್ಪು ಚಿತ್ರ ಇರುವುದರಿಂದ.

ಡೆವಲಪರ್ ಅಂದರೆ ಕೋಡ್ ಬರೆಯುವವರು ಅನ್ನುವುದು, ಡಾಕ್ಟರ್ ಅಂದರೆ ಚೀಟಿ ಬರೆಯುವವರು ಅಂದ ಹಾಗೆ. ಸುಳ್ಳಲ್ಲ. ಆದರೆ ಚೀಟಿಗೆ ಮುಂಚೆ ನಡೆಯುವುದೇ ನಿಜವಾದ ಕೆಲಸ.

ಒಂದು ಟಿಕೆಟ್, ಅಂದರೆ ಡೆವಲಪರ್ ಕೈಗೆ ಬರುವ ದೂರಿನ ದಾಖಲೆ, ತೆಗೆದುಕೊಳ್ಳೋಣ. ಅರ್ಜಿ ತುಂಬುವ ಒಂದು ವೆಬ್‌ಸೈಟ್ ಇದೆ ಅಂದುಕೊಳ್ಳಿ. ದೂರು ಹೀಗೆ ಬಂದಿದೆ: “ಹೆಸರು ಪೂರ್ತಿ ಉಳಿಯುತ್ತಿಲ್ಲ.” ಇಷ್ಟೇ. ಯಾವ ಹೆಸರು, ಯಾವ ಪುಟ, ಯಾವಾಗಿನಿಂದ, ಒಂದೂ ಇಲ್ಲ. ಟಿಕೆಟ್‌ಗಳು ಹೀಗೇ ಬರುತ್ತವೆ, ಬೈದು ಪ್ರಯೋಜನವಿಲ್ಲ. ಮೊದಲ ಕೆಲಸ ಆ ತೊಂದರೆಯನ್ನು ನಮ್ಮ ಕಣ್ಣೆದುರು ಮತ್ತೆ ಮಾಡಿ ತೋರಿಸುವುದು. “ರಮೇಶ” ಎಂದು ಹಾಕಿದರೆ ಸರಿಯಾಗಿ ಉಳಿಯುತ್ತದೆ. ಉದ್ದದ ಹೆಸರೊಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೂ ಉಳಿಯುತ್ತದೆ. “ಚಂದ್ರಶೇಖರಯ್ಯ” ಎಂದು ಕನ್ನಡದಲ್ಲಿ ಹಾಕಿ ಸೇವ್ ಮಾಡಿ ಮತ್ತೆ ತೆರೆದರೆ “ಚಂದ್ರಶೇಖರಯ” ಆಗಿರುತ್ತದೆ. ಕೊನೆಯ ಒತ್ತು ಮಾಯ.

ಇಲ್ಲಿ ಎಡಿಟರ್ ತೆರೆಯುವ ಆತುರ ಬೇಡ, ಎಣಿಸಬೇಕು. ಕಣ್ಣಿಗೆ ಆ ಹೆಸರಿನಲ್ಲಿ ಆರೇ ಅಕ್ಷರ: ಚಂ, ದ್ರ, ಶೇ, ಖ, ರ, ಯ್ಯ. ಕಂಪ್ಯೂಟರ್ ಒಳಗೆ ಅನುಸ್ವಾರ ಬೇರೆ, ಹಲಂತದ ಚಿಹ್ನೆ ಬೇರೆ, ಶೇ-ಯ ಏತ್ವದ ಚಿಹ್ನೆಯೂ ಬೇರೆ. ಹಾಗೆ ಬಿಡಿಸಿದರೆ 12 ಯೂನಿಕೋಡ್ ಸಂಕೇತಗಳು (ಯೂನಿಕೋಡ್ ಅಂದರೆ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಕೊಡುವ ಪಟ್ಟಿ). ಆ ಸಂಕೇತಗಳನ್ನು ಮೆಮೊರಿಯ ಅಳತೆಯಾದ ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಒಟ್ಟು 36 ಬೈಟ್. ಉಳಿದುಬಂದ ಹೆಸರಿನಲ್ಲಿ 10 ಸಂಕೇತ, ಅಂದರೆ ಸರಿಯಾಗಿ 30 ಬೈಟ್. 30 ಎನ್ನುವ ದುಂಡು ಸಂಖ್ಯೆ ಕಂಡ ಕೂಡಲೇ ಕಿವಿ ನಿಮಿರಬೇಕು. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಾದರೆ ಒಂದಕ್ಕೆ ಒಂದೇ ಬೈಟ್, 18ರಲ್ಲಿ ಮುಗಿಯುತ್ತದೆ. ಹಾಗಾಗಿಯೇ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ.

ಈಗ ಕೋಡ್‌ನಲ್ಲಿ 30 ಅನ್ನು ಹುಡುಕಿದರೆ ಒಂದು ಸಾಲು ಸಿಗುತ್ತದೆ: ಡೇಟಾಬೇಸ್‌ಗೆ ಕಳಿಸುವ ಮುಂಚೆ ಹೆಸರನ್ನು 30 ಬೈಟ್‌ಗೆ ಕತ್ತರಿಸುವ ಸಾಲು. ಯಾಕೆ ಹಾಕಿದ್ದಾರೆ? ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಲಕರಣೆ ಗಿಟ್‌ನ ಹಳೆಯ ದಾಖಲೆ ತೆರೆದರೆ “ಎರರ್ ಫಿಕ್ಸ್” ಎಂದಷ್ಟೇ ಬರೆದಿದೆ. ಊಹಿಸುವುದು ಕಷ್ಟವಲ್ಲ. ಡೇಟಾಬೇಸ್‌ನಲ್ಲಿ ಹೆಸರಿಗೆಂದು ಇಟ್ಟ ಕಾಲಂ 30 ಬೈಟ್‌ನದು. ಉದ್ದದ ಹೆಸರು ಬಂದಾಗ ಡೇಟಾಬೇಸ್ ಎರರ್ ಕೊಟ್ಟಿದೆ, ಯಾರೋ ಎರರ್ ಬಾಯಿ ಮುಚ್ಚಿಸಲು ಕತ್ತರಿ ಇಟ್ಟಿದ್ದಾರೆ. ಎರರ್ ನಿಂತಿತು, ಹೆಸರು ಕೆಟ್ಟಿತು. ಎರರ್ ಕೊಡುವ ಪ್ರೋಗ್ರಾಂಗಿಂತ ಸುಮ್ಮನೆ ತಪ್ಪು ಮಾಡುವ ಪ್ರೋಗ್ರಾಂ ಅಪಾಯ, ಯಾಕೆಂದರೆ ಮೊದಲನೆಯದನ್ನು ಅದೇ ದಿನ ಸರಿಪಡಿಸುತ್ತಾರೆ, ಎರಡನೆಯದು ವರ್ಷಗಟ್ಟಲೆ ದಾಖಲೆ ಹಾಳುಮಾಡುತ್ತಾ ಹೋಗುತ್ತದೆ.

ಆ ಸಾಲನ್ನು ಅಳಿಸಿದರೆ ಮುಗಿಯಿತೇ? ಇಲ್ಲ, ಹಳೆಯ ಎರರ್ ಮತ್ತೆ ಬರುತ್ತದೆ. ಮೊದಲು ಕಾಲಂ ಅನ್ನು ಹಿಗ್ಗಿಸಬೇಕು, ಬೈಟ್ ಲೆಕ್ಕದ ಬದಲು ಸಂಕೇತದ ಲೆಕ್ಕದಲ್ಲಿ ಅಳತೆ ಕೊಡಬೇಕು. ಡೇಟಾಬೇಸ್ ಯಾವುದು ಅನ್ನುವುದೂ ಮುಖ್ಯ: ಪೋಸ್ಟ್‌ಗ್ರೆಸ್‌ನಲ್ಲಿ ಆ ಸಂಖ್ಯೆ ಸಂಕೇತಗಳ ಲೆಕ್ಕ, ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಬೈಟ್‌ಗಳ ಲೆಕ್ಕ. ಮೈಎಸ್‌ಕ್ಯೂಎಲ್‌ನಲ್ಲಿ ಹಳೆಯ ಯುಟಿಎಫ್-8 ಆಯ್ಕೆ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ಸರಿಯಾಗಿ ಕೂರುತ್ತದೆ, 4 ಬೈಟ್‌ನ ಇಮೋಜಿ ಬಂದಾಗ ಕೈಕೊಡುತ್ತದೆ. ಆಮೇಲೆ ಈ ಹೆಸರನ್ನು ಓದುವ ಬೇರೆಯವರು ಯಾರು? ಮುದ್ರಿಸುವ ರಿಪೋರ್ಟ್, ಇನ್ನೊಂದು ವ್ಯವಸ್ಥೆಗೆ ಹೋಗುವ ಫೈಲ್. ಅಲ್ಲೂ 30ರ ಅಳತೆ ಇದ್ದರೆ ತೊಂದರೆ ಬಾಗಿಲು ಬದಲಿಸಿತು ಅಷ್ಟೇ. ಕೊನೆಯದು, ಈಗಾಗಲೇ ಕತ್ತರಿಸಿಹೋದ ಹೆಸರುಗಳು. ಉದ್ದ 28ರಿಂದ 30 ಬೈಟ್ ಇರುವ ಸಾಲುಗಳನ್ನೆಲ್ಲ ಪಟ್ಟಿ ಮಾಡಿ ಕೊಡಬಹುದು. 28ರಿಂದ ಯಾಕೆ ಅಂದರೆ, ಹೆಸರಿನ ನಡುವೆ 1 ಬೈಟ್‌ನ ಖಾಲಿ ಜಾಗವೋ ಚುಕ್ಕೆಯೋ ಇದ್ದಾಗ 30ರ ಗೆರೆ ಒಂದು ಸಂಕೇತದ ಹೊಟ್ಟೆಯ ಮೇಲೆ ಬೀಳುತ್ತದೆ, ಆ ಅರ್ಧ ಸಂಕೇತವನ್ನು ಪ್ರೋಗ್ರಾಂ ಬಿಟ್ಟುಬಿಟ್ಟಿರಬಹುದು. ಆದರೆ ಹೋದ ಭಾಗವನ್ನು ಡೇಟಾಬೇಸ್‌ನಿಂದ ಮರಳಿ ತರಲಾಗದು. ಅದನ್ನು ಟಿಕೆಟ್‌ನಲ್ಲಿ ಸ್ಪಷ್ಟವಾಗಿ ಬರೆಯುವುದೂ ಡೆವಲಪರ್ ಕೆಲಸವೇ.

ಇಷ್ಟಾದ ಮೇಲೆ ಟೆಸ್ಟ್ ಬರೆಯಬೇಕು. ಮಿತಿಗೆ ಸರಿಯಾಗಿ ಮುಟ್ಟುವ ಹೆಸರು, ಮಿತಿಗಿಂತ ಒಂದು ಹೆಚ್ಚಿರುವುದು, ಖಾಲಿ, ಬರೀ ಸ್ಪೇಸ್, ಒಂದು ಇಮೋಜಿ. ಆಮೇಲೆ ರಿವ್ಯೂ: ಇನ್ನೊಬ್ಬರು ಓದಿ, ಪ್ರಶ್ನೆ ಕೇಳಿ, ಒಪ್ಪಿದ ಮೇಲೆ ಮುಖ್ಯ ಬ್ರಾಂಚ್‌ಗೆ, ಅಂದರೆ ಎಲ್ಲರೂ ಬಳಸುವ ಮೂಲ ಪ್ರತಿಗೆ, ಸೇರುತ್ತದೆ. ಡಿಪ್ಲಾಯ್ ಮಾಡುವಾಗ, ಅಂದರೆ ಸರ್ವರ್‌ಗೆ ಏರಿಸುವಾಗ, ಕಾಲಂ ಬದಲಾವಣೆ ಮೊದಲು, ಕೋಡ್ ಆಮೇಲೆ. ಉಲ್ಟಾ ಮಾಡಿದರೆ ನಡುವಿನ ಆ ಕೆಲವು ನಿಮಿಷದಲ್ಲಿ ಅರ್ಜಿ ಹಾಕಿದವರಿಗೆಲ್ಲ ಎರರ್. ಕೊನೆಗೆ ಸ್ವಲ್ಪ ಹೊತ್ತು ಸರ್ವರ್ ಬರೆದಿಡುವ ಲಾಗ್ ನೋಡುತ್ತಾ ಕೂರಬೇಕು. ಒಟ್ಟು ಬದಲಾದ ಕೋಡ್ ಮೂರ್ನಾಲ್ಕು ಸಾಲು ಇರಬಹುದು, ಹಿಡಿದದ್ದು ಒಂದು ದಿನ. ಸಾಲಿನ ಲೆಕ್ಕದಲ್ಲಿ ಕೆಲಸ ಅಳೆಯುವವರಿಗೆ ಇದು ಸೋಮಾರಿತನದ ಹಾಗೆ ಕಾಣುತ್ತದೆ.

ಫ್ರಂಟ್‌ಎಂಡ್, ಬ್ಯಾಕ್‌ಎಂಡ್, ಮೊಬೈಲ್, ಯಂತ್ರದೊಳಗೆ ಕೂರುವ ಎಂಬೆಡೆಡ್, ಡೇಟಾ ಅಂತ ವಿಭಾಗಗಳಿವೆ. ಶುರುವಿನಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಎಲ್ಲದರಲ್ಲೂ ಕೆಲಸದ ಓಟ ಇದೇ: ಅರ್ಥ ಮಾಡಿಕೊ, ಮತ್ತೆ ಮಾಡಿ ತೋರಿಸು, ಜಾಗ ಕಿರಿದು ಮಾಡುತ್ತಾ ಹೋಗು, ಬದಲಿಸು, ಸಾಬೀತು ಮಾಡು, ಕಳಿಸು, ಕಾದು ನೋಡು.

ಈಗ ಎರಡು ಪದ್ಧತಿಯ ಹೋಲಿಕೆಗೆ ಬರೋಣ. ನಮ್ಮ ಕಡೆ ಕಲಿಕೆಯ ನಡುವೆ ಕೂತಿರುವುದು ಲ್ಯಾಬ್ ರೆಕಾರ್ಡ್. ಅದರಲ್ಲಿ ಪ್ರೋಗ್ರಾಂ ಇರುತ್ತದೆ, ಕೆಳಗೆ ಔಟ್‌ಪುಟ್ ಇರುತ್ತದೆ, ಔಟ್‌ಪುಟ್ ಯಾವಾಗಲೂ ಸರಿ ಇರುತ್ತದೆ. ಮೊದಲ ಸಲ ಏನು ಎರರ್ ಬಂತು, ಯಾಕೆ ಬಂತು, ಹೇಗೆ ಹಿಡಿದೆ ಅನ್ನುವುದಕ್ಕೆ ರೆಕಾರ್ಡ್‌ನಲ್ಲಿ ಜಾಗವೇ ಇಲ್ಲ. ಅದಕ್ಕೆ ಮಾರ್ಕ್ಸೂ ಇಲ್ಲ. ಕೆಲಸ ಮಾತ್ರ ಪೂರ್ತಿ ಆ ಜಾಗದಲ್ಲೇ ನಡೆಯುವುದು. ಹೊರಗೆ ಮಾಡುತ್ತಾ ಕಲಿಸುವ ತಂಡಗಳಲ್ಲಿ ಹೊಸಬರಿಗೆ ಮೊದಲ ವಾರ ಹೊಸದೇನನ್ನೂ ಬರೆಯಲು ಕೊಡುವುದಿಲ್ಲ. ಇರುವ ಕೋಡ್‌ನಲ್ಲಿ ಒಂದು ಸಣ್ಣ ಬಗ್ ಕೊಟ್ಟು, ಹುಡುಕಿದ ದಾರಿಯನ್ನು ಬರೆದು ತಾ ಅನ್ನುತ್ತಾರೆ. ಉತ್ತರಕ್ಕಿಂತ ಆ ದಾರಿಯನ್ನು ಹೆಚ್ಚು ಓದುತ್ತಾರೆ.

ಹಾಗೆಂದು ನಮ್ಮ ಪದ್ಧತಿ ಕೆಟ್ಟದ್ದು, ಹೊರಗಿನದೇ ಸರಿ ಅಂತ ಷರಾ ಬರೆಯಲು ನಾನು ತಯಾರಿಲ್ಲ. ಬರೀ ಮಾಡುತ್ತಾ ಕಲಿತವರು ಎಡವುವ ಜಾಗಗಳೂ ಗೊತ್ತಿರುವವೇ. ಒಂದು ಲಕ್ಷ ಹೆಸರಿನ ಪಟ್ಟಿಯಲ್ಲಿ ಎರಡು ಸಲ ಬಂದವರನ್ನು ಹುಡುಕಬೇಕು ಅಂದುಕೊಳ್ಳಿ. ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ ಸುಮಾರು 500 ಕೋಟಿ ಹೋಲಿಕೆ. ಹ್ಯಾಶ್ ಸೆಟ್‌ನಲ್ಲಿ, ಅಂದರೆ ಒಂದು ವಸ್ತು ಇದೆಯೋ ಇಲ್ಲವೋ ಎಂದು ತಟ್ಟನೆ ಹೇಳುವ ಸಂಗ್ರಹದಲ್ಲಿ, ಒಂದೊಂದೇ ಹಾಕುತ್ತಾ “ಇದು ಮೊದಲೇ ಇದೆಯಾ” ಎಂದು ಕೇಳಿದರೆ ಒಂದು ಲಕ್ಷ ಹೆಜ್ಜೆ. ಡೇಟಾ ಸ್ಟ್ರಕ್ಚರ್ ಪರೀಕ್ಷೆಗೆ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಬರೀ ವೆಬ್‌ಸೈಟ್ ಕಟ್ಟಿ ಬಂದವರು 50 ಹೆಸರಿಟ್ಟುಕೊಂಡು ಓಡಿಸಿ ನೋಡಿ ಚೆನ್ನಾಗಿದೆ ಅಂದುಬಿಡುತ್ತಾರೆ. ನಮ್ಮಲ್ಲಿ ಪಾಠ ಇದೆ, ಮುರಿದು ನೋಡುವ ಅಭ್ಯಾಸ ಇಲ್ಲ. ಕೊರತೆ ಅಷ್ಟೇ, ಆದರೆ ದೊಡ್ಡದು.

ಮುರಿದು ನೋಡುವುದು ಅಂದರೆ ಏನು? ಸಿಲಬಸ್‌ಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಪ್ರೋಗ್ರಾಂ: ಕೊಟ್ಟ ಪದವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿದೆಯೇ ಎಂದು ಹೇಳಬೇಕು. ಪೈಥಾನ್‌ನಲ್ಲಿ ಒಂದು ಸಾಲು. ಪದವನ್ನು ತಿರುಗಿಸಿ, ಮೂಲದೊಂದಿಗೆ ಹೋಲಿಸಿದರೆ ಆಯಿತು. ಇಂಗ್ಲಿಷ್ ಪದ ಹಾಕಿ ಔಟ್‌ಪುಟ್ ತೆಗೆದು, ರೆಕಾರ್ಡ್‌ಗೆ ಅಂಟಿಸಿ ಮುಂದೆ ಹೋಗುತ್ತಾರೆ.

ಅದೇ ಪ್ರೋಗ್ರಾಂಗೆ ಕನ್ನಡ ಕೊಡಿ. “ಕನಕ” ಕೊಟ್ಟರೆ ಹೌದು ಅನ್ನುತ್ತದೆ. “ನಯನ” ಕೊಟ್ಟರೂ ಹೌದು. ಸರಿ. “ವಿಕಟಕವಿ” ಕೊಡಿ, ಅಲ್ಲ ಅನ್ನುತ್ತದೆ. ಮಕ್ಕಳಿಗೂ ಗೊತ್ತಿರುವ ಪದಕ್ಕೆ ಕಂಪ್ಯೂಟರ್ ಅಲ್ಲ ಅನ್ನುತ್ತದೆ. ಈಗ “ತಾತ” ಕೊಡಿ. ತಿರುಗಿಸಿದರೆ “ತತಾ” ಆಗಬೇಕಾದ ಪದಕ್ಕೆ ಹೌದು ಅನ್ನುತ್ತದೆ! ಒಂದು ಕಡೆ ಇರುವುದನ್ನು ಇಲ್ಲ ಅಂತು, ಇನ್ನೊಂದು ಕಡೆ ಇಲ್ಲದ್ದನ್ನು ಇದೆ ಅಂತು.

ಕಾರಣ ಮೇಲಿನ ಟಿಕೆಟ್‌ನದೇ. “ವಿಕಟಕವಿ” ಒಳಗೆ ಏಳು ಸಂಕೇತ: ವ, ಗುಡಿಸು, ಕ, ಟ, ಕ, ವ, ಗುಡಿಸು. ತಿರುಗಿಸಿದಾಗ ಗುಡಿಸು ಮೊದಲು ಬರುತ್ತದೆ, ಅದಕ್ಕೆ ಮೈಯಿಲ್ಲ. ಕೊನೆಯ ಕಡೆ ವ-ಗೆ ಸೇರಬೇಕಿದ್ದ ಗುಡಿಸು ಕ-ಗೆ ಹತ್ತಿ “ಕಿವ” ಆಗುತ್ತದೆ. “ತಾತ”ದಲ್ಲಿ ತ, ಇಳಿ, ತ. ನಡುವಿನ ಇಳಿ ಎರಡೂ ಕಡೆಯಿಂದ ನಡುವೆಯೇ, ಹಾಗಾಗಿ ಸಮ. “ಕನಕ”, “ನಯನ” ಗೆದ್ದದ್ದು ಪ್ರೋಗ್ರಾಂ ಸರಿಯಿದ್ದು ಅಲ್ಲ, ಅವುಗಳಲ್ಲಿ ಕಾಗುಣಿತವೇ ಇರಲಿಲ್ಲ ಎಂದು. ಟೆಸ್ಟ್ ಪಾಸಾದದ್ದಕ್ಕೂ ಪ್ರೋಗ್ರಾಂ ಸರಿಯಿರುವುದಕ್ಕೂ ಇರುವ ದೂರ ಇಷ್ಟು ಹತ್ತಿರದಿಂದ ಕಾಣುವ ಉದಾಹರಣೆ ಇಂಗ್ಲಿಷ್ ಪಠ್ಯಗಳಲ್ಲಿ ಸಿಗುವುದು ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿದೆ, ಅದೇ ನನಗೆ ಅಡ್ಡಿ ಎಂದು ಅಳುಕುವ ಮಕ್ಕಳು ಇದನ್ನು ಗಮನಿಸಬೇಕು. ಲ್ಯಾಟಿನ್ ಅಕ್ಷರ ಮಾತ್ರ ಬಲ್ಲವರಿಗೆ ಹೊಳೆಯದ ಬಗ್‌ಗಳು ನಿಮಗೆ ನಿಮ್ಮ ಹೆಸರು ಟೈಪ್ ಮಾಡಿದರೆ ಸಿಗುತ್ತವೆ.

ಸರಿಪಡಿಸುವುದು ಹೇಗೆ? ಪದವನ್ನು ಸಂಕೇತಗಳಾಗಿ ಒಡೆಯುವ ಬದಲು ಅಕ್ಷರಗಳಾಗಿ ಒಡೆದು, ಆ ಪಟ್ಟಿಯನ್ನು ತಿರುಗಿಸಬೇಕು. ನಿಯಮ ಶಾಲೆಯಲ್ಲಿ ಕಲಿತದ್ದೇ. ಬಂದ ಸಂಕೇತ ಕಾಗುಣಿತದ ಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ಹಲಂತವಾದರೆ ಹಿಂದಿನ ತುಂಡಿಗೆ ಸೇರಿಸು. ಬಂದದ್ದು ವ್ಯಂಜನವಾಗಿ, ಹಿಂದಿನ ತುಂಡು ಹಲಂತದಲ್ಲಿ ಮುಗಿದಿದ್ದರೆ ಆಗಲೂ ಸೇರಿಸು, ಅದು ಒತ್ತಕ್ಷರ. ಉಳಿದೆಲ್ಲಕ್ಕೂ ಹೊಸ ತುಂಡು ತೆರೆ. ಹತ್ತಿಪ್ಪತ್ತು ಸಾಲಿನ ಕೋಡ್. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಸಿದ್ಧ ಸಲಕರಣೆಯೂ ಇದೆ, ಇಂಟ್ಲ್ ಸೆಗ್ಮೆಂಟರ್ ಅಂತ. ಆದರೆ ಒತ್ತಕ್ಷರವನ್ನು ಅದು ಒಂದೇ ತುಂಡಾಗಿ ಹಿಡಿಯುತ್ತದೋ ಎರಡು ಮಾಡುತ್ತದೋ ಎಂದು “ಅಕ್ಷರ” ಪದ ಕೊಟ್ಟು ನೀವೇ ನೋಡಬೇಕು. ಸಿದ್ಧ ಸಲಕರಣೆಯ ಮೇಲೂ ಕಣ್ಣು ಮುಚ್ಚಿ ನಂಬಿಕೆ ಇಡುವಂತಿಲ್ಲ.

ಹೊಸಬರ ದಾರಿಗೆ ಬರೋಣ. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್, ಎರಡರಲ್ಲಿ ಒಂದು ಹಿಡಿಯಿರಿ, ಆರು ತಿಂಗಳು ಬದಲಿಸಬೇಡಿ. ಪರದೆಯ ಮೇಲೆ ಬೇಗ ಏನಾದರೂ ಕಾಣಬೇಕು ಎನ್ನುವವರಿಗೆ ಜಾವಾಸ್ಕ್ರಿಪ್ಟ್ ಒಳ್ಳೆಯದು, ಬ್ರೌಸರ್ ಇದ್ದರೆ ಸಾಕು, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಉಳಿದವರಿಗೆ ಪೈಥಾನ್. ಎರಡೂ 1990ರ ದಶಕದಿಂದ ಇರುವಂಥವು, ನೀವು ಕಲಿಯುವಷ್ಟರಲ್ಲಿ ಎಲ್ಲೂ ಓಡಿಹೋಗುವುದಿಲ್ಲ. ಲ್ಯಾಪ್‌ಟಾಪ್‌ಗೆ 8 ಜಿಬಿ ಮೆಮೊರಿ ಶುರುವಿಗೆ ಸಾಕು. ಮೊಬೈಲ್ ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ಓಡುವ ನಕಲಿ ಮೊಬೈಲ್) ಓಡಿಸುವವರಿಗೆ ಮಾತ್ರ 16 ಬೇಕೆನಿಸುತ್ತದೆ.

ವೇರಿಯಬಲ್, ಇಫ್, ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ, ಫೈಲ್ ಓದುವುದು-ಬರೆಯುವುದು: ದಿನಕ್ಕೆ ಎರಡು ಗಂಟೆ ಕೂತರೆ ಎರಡು ತಿಂಗಳಲ್ಲಿ ಕೈಗೆ ಹತ್ತುತ್ತದೆ. ವಿಡಿಯೋ ನೋಡುವುದನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಈಜುವುದನ್ನು ದಡದಲ್ಲಿ ಕೂತು ಕಲಿತ ಹಾಗಾಗುತ್ತದೆ. ವಿಡಿಯೋ ಮುಗಿಸಿ, ಅದನ್ನು ಮುಚ್ಚಿ, ಖಾಲಿ ಫೈಲ್‌ನಲ್ಲಿ ಅದೇ ಪ್ರೋಗ್ರಾಂ ಬರೆಯಿರಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲಿ ಕಲಿಯುವುದು ಬಾಕಿ ಇದೆ.

ಇದೇ ಹೊತ್ತಿಗೆ ಎರರ್ ಓದುವುದನ್ನು ರೂಢಿಸಿಕೊಳ್ಳಬೇಕು. ಕೆಂಪು ಅಕ್ಷರ ಕಂಡ ಕೂಡಲೇ ಗಾಬರಿಯಾಗಿ ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಟೈಪ್ ಮಾಡುವವರನ್ನು ಎಲ್ಲ ಕಡೆ ಕಾಣಬಹುದು. ಪೈಥಾನ್‌ನ ಎರರ್ ಅನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ಏನಾಯಿತು ಎಂದಿರುತ್ತದೆ, ಅದರ ಮೇಲೆ ಯಾವ ಫೈಲ್‌ನ ಎಷ್ಟನೇ ಸಾಲು ಎಂದಿರುತ್ತದೆ. ಹಳೆಯ ಪೈಥಾನ್ ಆವೃತ್ತಿಗಳಲ್ಲಿ ಕೆಲವೊಮ್ಮೆ ಅದು ತೋರಿಸುವ ಸಾಲು ಸರಿಯಾಗಿಯೇ ಇರುತ್ತದೆ, ಹಿಂದಿನ ಸಾಲಿನಲ್ಲಿ ಬ್ರಾಕೆಟ್ ಮುಚ್ಚದೇ ಬಿಟ್ಟಿರುತ್ತೀರಿ. ಎರರ್ ಇಲ್ಲದ ತಪ್ಪುಗಳು ಇನ್ನೂ ಕುತ್ತು: 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ನಾವು ಬಳಸುವ ದಶಮಾಂಶವನ್ನು ಕಂಪ್ಯೂಟರ್ ಎರಡರ ಘಾತಗಳಲ್ಲಿ ಹಿಡಿಯಲು ಹೋಗಿ ಚೂರು ಚೆಲ್ಲುತ್ತದೆ. ಹಣದ ಲೆಕ್ಕವನ್ನು ಇದರಲ್ಲಿ ಮಾಡಬಾರದು. ಅತಿ ಚಿಕ್ಕ ನಾಣ್ಯದ ಲೆಕ್ಕಕ್ಕೆ ಇಳಿಸಿ ಪೂರ್ಣಾಂಕದಲ್ಲೇ ಇಟ್ಟುಕೊಳ್ಳಬೇಕು.

ಗಿಟ್ ಅನ್ನು “ಆಮೇಲೆ ಕಲಿಯೋಣ” ಎಂದು ಮುಂದೂಡುವುದು ನಮ್ಮವರ ದೊಡ್ಡ ತಪ್ಪು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು ಮಾಡಿಕೊಂಡ ಈ ಸಲಕರಣೆ ಇಲ್ಲದೆ ಇವತ್ತು ತಂಡದ ಕೆಲಸ ನಡೆಯುವುದು ಅಪರೂಪ. ಮೊದಲ ವಾರದಿಂದಲೇ ಹಾಕಿಕೊಳ್ಳಿ. ಒಂದು ಕಮಿಟ್‌ನಲ್ಲಿ, ಅಂದರೆ ಒಮ್ಮೆಗೆ ದಾಖಲಿಸುವ ಬದಲಾವಣೆಯಲ್ಲಿ, ಒಂದೇ ವಿಷಯ ಇರಲಿ, ಸಂದೇಶದಲ್ಲಿ ಏನು ಬದಲಿಸಿದೆ ಅನ್ನುವುದಕ್ಕಿಂತ ಯಾಕೆ ಬದಲಿಸಿದೆ ಎಂದು ಬರೆಯಿರಿ. ಮೇಲಿನ “ಎರರ್ ಫಿಕ್ಸ್” ನೆನಪಿರಲಿ. ಕಮಿಟ್‌ಗಳು ಚಿಕ್ಕದಾಗಿದ್ದರೆ ಇನ್ನೊಂದು ಲಾಭ. ಹೋದ ತಿಂಗಳು ಓಡುತ್ತಿದ್ದುದು ಈಗ ಓಡುತ್ತಿಲ್ಲ, ನಡುವೆ ಸಾವಿರ ಕಮಿಟ್ ಆಗಿವೆ ಅಂದರೂ ಗಿಟ್ ಬೈಸೆಕ್ಟ್ ಪ್ರತಿ ಸಲ ಅರ್ಧ ಅರ್ಧ ಮಾಡುತ್ತಾ ಸುಮಾರು 10 ಹೆಜ್ಜೆಯಲ್ಲಿ ಕೆಡಿಸಿದ ಕಮಿಟ್‌ಗೆ ತಂದು ನಿಲ್ಲಿಸುತ್ತದೆ. ಆ ಒಂದು ಕಮಿಟ್‌ನಲ್ಲಿ 40 ಫೈಲ್ ಬದಲಾಗಿದ್ದರೆ ಹುಡುಕಿ ಏನು ಬಂತು?

ಒಂದು ಎಚ್ಚರಿಕೆ. ಪಾಸ್‌ವರ್ಡೋ ಕೀಲಿಯೋ ಅಕಸ್ಮಾತ್ ಕಮಿಟ್ ಆಗಿ ಸಾರ್ವಜನಿಕ ರೆಪೊಸಿಟರಿಗೆ (ಗಿಟ್‌ನಲ್ಲಿ ಕೋಡ್ ಕೂಡಿಡುವ ಜಾಗ) ಹೋದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಲದು, ಇತಿಹಾಸದಲ್ಲಿ ಅದು ಹಾಗೇ ಕೂತಿರುತ್ತದೆ. ಮೊದಲು ಆ ಪಾಸ್‌ವರ್ಡ್ ಅನ್ನೇ ಬದಲಿಸಬೇಕು.

ಮೂರನೇ ತಿಂಗಳಿಂದ ವೆಬ್ ಮತ್ತು ಡೇಟಾಬೇಸ್. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡುತ್ತಾ ಕೂತರೆ ಅರ್ಧ ಪಾಠ ಅಲ್ಲೇ ಇದೆ. ಯಾವ ವಿಳಾಸಕ್ಕೆ ಕೋರಿಕೆ ಹೋಯಿತು, ಏನು ಮರಳಿ ಬಂತು. 404 ಬಂದರೆ ಕೇಳಿದ್ದು ಅಲ್ಲಿಲ್ಲ, 403 ಬಂದರೆ ನಿಮಗೆ ಅನುಮತಿಯಿಲ್ಲ, 500 ಬಂದರೆ ಸರ್ವರ್ ಒಳಗೇ ಏನೋ ಮುರಿದಿದೆ, ಲಾಗ್ ನೋಡಿ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್ ಬರೆದು ಮುಗಿಯಿತು ಅಂದುಕೊಳ್ಳಬೇಡಿ, ಜಾಯಿನ್ (ಟೇಬಲ್‌ಗಳನ್ನು ಕೂಡಿಸಿ ಓದುವುದು), ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ), ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಎನ್ನುವ ಕಟ್ಟು) ಈ ಮೂರೂ ಗೊತ್ತಿರಬೇಕು. ಹೊಸಬರು ಮತ್ತೆ ಮತ್ತೆ ಬೀಳುವ ಹಳ್ಳ ಒಂದಿದೆ: 100 ಅರ್ಜಿಗಳ ಪಟ್ಟಿ ತರಲು ಒಂದು ಕ್ವೆರಿ, ಆಮೇಲೆ ಲೂಪ್ ಒಳಗೆ ಪ್ರತಿ ಅರ್ಜಿಯ ವಿಳಾಸಕ್ಕೆ ಒಂದೊಂದು, ಒಟ್ಟು 101. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಗೊತ್ತಾಗುವುದಿಲ್ಲ. ನಿಜವಾದ ಸರ್ವರ್‌ನಲ್ಲಿ ಪ್ರತಿ ಕ್ವೆರಿಗೂ ಹೋಗಿಬರುವ ಹೊತ್ತು ಸೇರಿ ಪುಟ ತೆವಳುತ್ತದೆ. ಜಾಯಿನ್ ಬಳಸಿದರೆ ಒಂದೇ ಕ್ವೆರಿಯಲ್ಲಿ ಮುಗಿಯುವ ಕೆಲಸ. ಬಳಕೆದಾರರು ಟೈಪ್ ಮಾಡಿದ್ದನ್ನು ಕ್ವೆರಿಯ ವಾಕ್ಯದೊಳಗೆ ನೇರ ಅಂಟಿಸಬಾರದು, ಪ್ಯಾರಾಮೀಟರ್ ಆಗಿ ಕಳಿಸಬೇಕು. ಪಾಸ್‌ವರ್ಡ್‌ಗಳನ್ನು ಇದ್ದ ಹಾಗೆ ಇಡಬಾರದು, ಬಿಕ್ರಿಪ್ಟ್ ಅಥವಾ ಆರ್ಗಾನ್2 ವಿಧಾನದಲ್ಲಿ ಹ್ಯಾಶ್ ಮಾಡಿ, ಅಂದರೆ ಹಿಂದಕ್ಕೆ ತಿರುಗಿಸಲಾಗದ ರೂಪಕ್ಕೆ ಬದಲಿಸಿ, ಇಡಬೇಕು. ಇವೆರಡರಲ್ಲಿ ಚೌಕಾಸಿ ಇಲ್ಲ.

ಆಮೇಲೆ ಒಂದೇ ಒಂದು ಚಿಕ್ಕ ವಸ್ತು ಕಟ್ಟಿ, ಕೊನೆ ಮುಟ್ಟಿಸಿ. ಪುಸ್ತಕ ಎರವಲು ಕೊಟ್ಟದ್ದು ತಂದದ್ದರ ಲೆಕ್ಕ ಇಡುವ ಪುಟ ಸಾಕು. ಲಾಗಿನ್, ಡೇಟಾಬೇಸ್, ಹತ್ತಾರು ಟೆಸ್ಟ್, ಸರ್ವರ್ ಮೇಲೆ ಓಡುವುದು, ಎಲ್ಲ ಅದರಲ್ಲೇ ಬರುತ್ತದೆ. ಅರ್ಧ ಮುಗಿದ ಹತ್ತು ಪ್ರಾಜೆಕ್ಟ್‌ಗಳಿಗಿಂತ ಮುಗಿದ ಒಂದಕ್ಕೆ ತೂಕ ಹೆಚ್ಚು, ಯಾಕೆಂದರೆ ಕೊನೆಯ ಹತ್ತು ಶೇಕಡಾದಲ್ಲೇ ಅಸಲಿ ತಲೆನೋವುಗಳಿರುವುದು. ನಿಮ್ಮ ಯಂತ್ರದಲ್ಲಿ ಓಡುವುದು ಸರ್ವರ್‌ನಲ್ಲಿ ಓಡುವುದಿಲ್ಲ, ಲೈಬ್ರರಿಯ ಆವೃತ್ತಿ ಬೇರೆ, ಸಮಯವಲಯ ಬೇರೆ, ಫೈಲ್ ಹೆಸರಿನ ದೊಡ್ಡ-ಚಿಕ್ಕ ಅಕ್ಷರ ವಿಂಡೋಸ್‌ನಲ್ಲಿ ನಡೆದದ್ದು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ರೀಡ್‌ಮಿ ಫೈಲ್, ಅಂದರೆ ಓಡಿಸುವ ಹೆಜ್ಜೆಗಳ ವಿವರ, ಬರೆದ ಮೇಲೆ ಬೇರೆ ಫೋಲ್ಡರ್‌ಗೆ ಹೊಸದಾಗಿ ಕ್ಲೋನ್ ಮಾಡಿ, ನೀವು ಬರೆದ ಹೆಜ್ಜೆಗಳನ್ನಷ್ಟೇ ಅನುಸರಿಸಿ ಓಡಿಸಿ ನೋಡಿ. ಓಡಲಿಲ್ಲವಾದರೆ ನೋಡಲು ಬಂದವರ ಯಂತ್ರದಲ್ಲೂ ಓಡುವುದಿಲ್ಲ.

ಕೇಳುವ ರೀತಿಯಲ್ಲೂ ಎರಡು ಪದ್ಧತಿ. ನಮ್ಮವರು ಗೊತ್ತಿಲ್ಲ ಅನ್ನಲು ಸಂಕೋಚಪಟ್ಟು ಎರಡು ದಿನ ಒಬ್ಬರೇ ಒದ್ದಾಡುತ್ತಾರೆ, ಅಥವಾ “ಸರ್, ವರ್ಕ್ ಆಗ್ತಿಲ್ಲ” ಎಂದು ಫೋಟೋ ಕಳಿಸುತ್ತಾರೆ. ಹೊರಗಿನ ತಂಡಗಳಲ್ಲಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಿಕ್ಕಿಕೊಂಡರೆ ಕೇಳಲೇಬೇಕು, ಆದರೆ ಕೇಳುವುದಕ್ಕೆ ಒಂದು ಶಿಸ್ತಿದೆ: ಏನು ಮಾಡಲು ಹೊರಟೆ, ಏನು ಆಗಬೇಕಿತ್ತು, ಏನಾಯಿತು, ಏನೇನು ಪ್ರಯತ್ನಿಸಿದೆ, ಎರರ್‌ನ ಪೂರ್ತಿ ಪಠ್ಯ. ಹೀಗೆ ಬರೆಯುತ್ತಾ ಹೋದರೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಉತ್ತರ ತಾನಾಗೇ ಹೊಳೆದುಬಿಡುತ್ತದೆ, ಕಳಿಸುವ ಅಗತ್ಯವೇ ಬೀಳುವುದಿಲ್ಲ.

ಎಐ ಸಹಾಯಕರನ್ನು ಬಳಸಬಾರದು ಎಂದು ಹೇಳುವವನಲ್ಲ ನಾನು. ಎಲ್ಲರೂ ಬಳಸುತ್ತಾರೆ. ಆದರೆ ಕಲಿಯುವ ಮೊದಲ ತಿಂಗಳುಗಳಲ್ಲಿ ಉತ್ತರ ಬರೆಸಿಕೊಳ್ಳುವುದು ರೆಕಾರ್ಡ್ ನಕಲು ಮಾಡಿದ್ದಕ್ಕಿಂತ ಬೇರೆಯಲ್ಲ. ನಿಮ್ಮ ಕೋಡ್ ಕೊಟ್ಟು “ಇದು ಯಾವ ಇನ್‌ಪುಟ್‌ಗೆ ಮುರಿಯುತ್ತದೆ” ಎಂದು ಕೇಳಿ, ಎರರ್ ಕೊಟ್ಟು ಅರ್ಥ ಕೇಳಿ. ಪದ ತಿರುಗಿಸುವ ಪ್ರೋಗ್ರಾಂ ಬರೆದುಕೊಡು ಅಂದರೆ ತಿರುಗಿಸಿ ಹೋಲಿಸುವ ಆ ಒಂದು ಸಾಲೇ ಥಟ್ಟನೆ ಬರುವ ಸಾಧ್ಯತೆ ಹೆಚ್ಚು. “ವಿಕಟಕವಿ” ಹಾಕಿ ನೋಡಬೇಕು ಎಂದು ಹೊಳೆಯಬೇಕಾದದ್ದು ನಿಮಗೆ. ಪ್ರತಿ ಸಾಲನ್ನೂ ನಿಮ್ಮ ಬಾಯಲ್ಲಿ ವಿವರಿಸಲಾಗದ ಕೋಡ್ ಅನ್ನು ರಿವ್ಯೂಗೆ ಕಳಿಸಬೇಡಿ, ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಸಂದರ್ಶನಕ್ಕೆ ಹ್ಯಾಶ್, ಸ್ಟ್ಯಾಕ್, ಕ್ಯೂ, ಟ್ರೀ, ಬೈನರಿ ಸರ್ಚ್, ವಿಂಗಡಣೆ ಇವನ್ನು ಕೈಯಾರೆ ಬರೆಯಲು ಬರಬೇಕು. ಬೋರ್ಡ್ ಎದುರು ಮೌನವಾಗಿ ನಿಂತು ಉತ್ತರ ಬರೆಯುವವರಿಗಿಂತ, “ಖಾಲಿ ಪಟ್ಟಿ ಬಂದರೆ ಏನಾಗಬೇಕು?” ಎಂದು ತಿರುಗಿ ಕೇಳುವವರ ಮೇಲೆ ಸಂದರ್ಶಕರ ಗಮನ ಹೋಗುತ್ತದೆ.

ಅಕ್ಷರ ಒಡೆಯುವ ಪ್ರೋಗ್ರಾಂ ಬರೆದಿದ್ದೀರಾ? “ವಿಕಟಕವಿ”ಗೆ 5, “ತಾತ”ಕ್ಕೆ 2, “ಚಂದ್ರಶೇಖರಯ್ಯ”ಗೆ 6 ಬಂತೇ? ಈಗ “ಸಾಫ್ಟ್‌ವೇರ್” ಪದವನ್ನೇ ಕೊಡಿ. ಕಣ್ಣಿಗೆ ನಾಲ್ಕು ಅಕ್ಷರ: ಸಾ, ಫ್ಟ್, ವೇ, ರ್. ಪ್ರೋಗ್ರಾಂ 5 ಅನ್ನುತ್ತದೆ. ಇನ್ನೊಬ್ಬರು ಟೈಪ್ ಮಾಡಿದ ಅದೇ ಪದಕ್ಕೆ 3 ಅನ್ನಲೂಬಹುದು. ಟ್ ಮತ್ತು ವ ಬೆಸೆದು ಒತ್ತಾಗದಂತೆ ತಡೆಯಲು ನಡುವೆ ಒಂದು ಸಂಕೇತ ಕೂತಿದೆ, ಅದಕ್ಕೆ ಅಗಲವಿಲ್ಲ, ಪರದೆಯ ಮೇಲೆ ಕಾಣುವುದೂ ಇಲ್ಲ. ನಿಮ್ಮ ನಿಯಮ ಅದನ್ನೂ ಒಂದು ಬೇರೆ ತುಂಡಾಗಿ ಎಣಿಸಿತು. ಅದನ್ನು ಹಾಕದೇ ಟೈಪ್ ಮಾಡಿದವರ ಪದದಲ್ಲಿ ವೇ ಒತ್ತಾಗಿ ಹಿಂದಿನದಕ್ಕೆ ಅಂಟಿಕೊಂಡಿತು. ನಿಯಮಕ್ಕೆ ಇನ್ನೊಂದು ಸಾಲು ಸೇರಿಸಿ, ಮೊದಲಿನ ಮೂರು ಪದಗಳನ್ನು ಮತ್ತೊಮ್ಮೆ ಓಡಿಸಿ ನೋಡಿ, ಆಮೇಲೆ ಕಮಿಟ್ ಮಾಡಿ. ಸಂದೇಶದಲ್ಲಿ ಯಾಕೆ ಎಂದು ಬರೆಯುವುದನ್ನು ಮರೆಯಬೇಡಿ.